ಸಂಬಳ ಕೇಳಿದೆವು, ಕೆಲಸ ಕೇಳಿದೆವೇ?

ಕಳೆದ ಈದ್‌ಗೆ ನನ್ನ ಅಕ್ಕನ ಮಗಳು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬಂದಿದ್ದಳು. ಅವಳು ಸಾಫ್ಟ್‌ವೇರ್ ಇಂಜಿನಿಯರ್. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು. ಹಬ್ಬದ ಮರುದಿನ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಕುಳಿತು ಮಾತನಾಡುತ್ತಿದ್ದಾಗ ಅಕ್ಕ ತನ್ನ ಮೊಬೈಲನ್ನು ಅವಳ ಕೈಗೆ ಕೊಟ್ಟಳು.

“ನಿನ್ನ ತಮ್ಮನಿಗೆಂದು ಒಂದು ಟ್ಯೂಷನ್ ಆ್ಯಪ್ ಹಾಕಿಸಿದ್ದೆ. ಮೊದಲ ತಿಂಗಳು ಉಚಿತ ಎಂದಿದ್ದರು. ಅವನು ಅದನ್ನು ತೆರೆದು ನೋಡುವುದೇ ಇಲ್ಲ. ಐದು ತಿಂಗಳಿಂದ ಬ್ಯಾಂಕಿನಿಂದ 499 ರೂಪಾಯಿ ತಾನಾಗಿಯೇ ಹೋಗುತ್ತಿದೆ. ನಿಲ್ಲಿಸುವುದು ಹೇಗೆಂದೇ ತಿಳಿಯುತ್ತಿಲ್ಲ. ಸ್ವಲ್ಪ ನೋಡು.”

ಅವಳು ನಗುತ್ತಲೇ ಫೋನ್ ತೆಗೆದುಕೊಂಡಳು. ಎರಡು ನಿಮಿಷದ ಕೆಲಸ ಎಂದುಕೊಂಡಿದ್ದಳು. ಸೆಟ್ಟಿಂಗ್ಸ್‌ಗೆ ಹೋದಳು, ಅಲ್ಲಿರಲಿಲ್ಲ. ಸಹಾಯ ಎಂಬಲ್ಲಿಗೆ ಹೋದಳು, ಅಲ್ಲಿ ಬೇರೇನೋ ಇತ್ತು. ಕೊನೆಗೂ ಒಂದು ಮೂಲೆಯಲ್ಲಿ, ಬಿಳಿಯ ಮೇಲೆ ತಿಳಿ ಬೂದು ಬಣ್ಣದಲ್ಲಿ ಬರೆದ ಸಣ್ಣ ಅಕ್ಷರ ಸಿಕ್ಕಿತು. ಅದನ್ನು ಒತ್ತಿದರೆ ಒಂದರ ಹಿಂದೆ ಒಂದು ಪುಟ. “ಯಾಕೆ ಬಿಡುತ್ತಿದ್ದೀರಿ?” “ಅರ್ಧ ಬೆಲೆಗೆ ಕೊಟ್ಟರೆ ಉಳಿಯುತ್ತೀರಾ?” ಕೊನೆಯದಂತೂ, “ನಿಮ್ಮ ಮಗುವಿನ ಭವಿಷ್ಯವನ್ನು ಅರ್ಧದಲ್ಲೇ ಕೈಬಿಡುತ್ತೀರಾ?” ಹೌದು ಎಂದು ಒತ್ತಿದ ಮೇಲೆ, ಬೆಳಿಗ್ಗೆ ಹತ್ತರಿಂದ ಸಂಜೆ ಆರರೊಳಗೆ ಈ ನಂಬರಿಗೆ ಫೋನ್ ಮಾಡಿ ಎಂಬ ಸೂಚನೆ. ಎಲ್ಲ ಮುಗಿಯುವಾಗ ಅರ್ಧ ಗಂಟೆ ಕಳೆದಿತ್ತು. ಅವಳ ಮುಖದಲ್ಲಿ ನಗು ಇರಲಿಲ್ಲ.

ಸಂಜೆ ಅಡುಗೆ ಮನೆಯಲ್ಲಿ ನನ್ನ ಪಕ್ಕ ಬಂದು ನಿಂತಳು. “ಖಾಲಾ, ನಾನೂ ಇಂಥದ್ದೇ ಒಂದನ್ನು ಮಾಡಿದ್ದೇನೆ. ಈ ಆ್ಯಪ್ ಅಲ್ಲ, ಬೇರೆಯದು. ಬಿಡುವವರಿಗೆ ದಾರಿ ಸಿಗಬಾರದು ಎಂದು ಕ್ಲೈಂಟ್ ಹೇಳಿದ್ದರು. ನಾನು ಮಾಡಿಕೊಟ್ಟೆ. ಚೆನ್ನಾಗಿ ಮಾಡಿದ್ದೀಯ ಎಂದು ಮ್ಯಾನೇಜರ್ ಹೊಗಳಿ ಮೇಲ್ ಕೂಡಾ ಕಳಿಸಿದ್ದರು. ಅದರ ಇನ್ನೊಂದು ತುದಿಯಲ್ಲಿ ಅಮ್ಮಿಯಂಥವರು ಇರುತ್ತಾರೆಂದು ನನಗೆ ಹೊಳೆಯಲೇ ಇಲ್ಲ.”

ನಾನು ಏನು ಹೇಳಬೇಕೆಂದು ತಿಳಿಯದೆ ಚಹಾ ಸೋಸುತ್ತಾ ನಿಂತೆ. ಅವಳಿಗೆ ಕೆಲಸ ಸಿಕ್ಕಿದಾಗ ನಾವೆಲ್ಲ ಸಂಭ್ರಮಪಟ್ಟಿದ್ದೆವು. ಸಂಬಳ ಎಷ್ಟು, ಪಿ.ಜಿ. ಎಲ್ಲಿ, ರಾತ್ರಿ ಪಾಳಿ ಇದೆಯೇ, ಆಫೀಸಿನ ಗಾಡಿ ಬರುತ್ತದೆಯೇ ಎಂದೆಲ್ಲ ಕೇಳಿದ್ದೆವು. ಈ ನಾಲ್ಕು ವರ್ಷಗಳಲ್ಲಿ “ನೀನು ಮಾಡುವ ಕೆಲಸವಾದರೂ ಏನು ಮಗಳೇ? ಅದರಿಂದ ಯಾರಿಗೆ ಏನಾಗುತ್ತದೆ?” ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಪ್ರಿಯ ಸಹೋದರಿಯರೇ, ಇಂದು ನಮ್ಮ ಮನೆಗಳಿಂದಲೂ ಎಷ್ಟೋ ಹುಡುಗ ಹುಡುಗಿಯರು ಈ ಕ್ಷೇತ್ರಕ್ಕೆ ಹೋಗುತ್ತಿದ್ದಾರೆ. ದುಡಿಮೆ ಹಲಾಲ್ ಆಗಿರಬೇಕೆಂಬ ಕಾಳಜಿ ನಮ್ಮಲ್ಲಿದೆ. ಸಂಬಂಧ ನೋಡುವಾಗ ಹುಡುಗ ಲಂಚ ತೆಗೆದುಕೊಳ್ಳುತ್ತಾನೆಯೇ, ಬಡ್ಡಿಯ ವ್ಯವಹಾರವೇ ಎಂದು ವಿಚಾರಿಸುತ್ತೇವೆ. ತಕ್ಕಡಿಯಲ್ಲಿ ಮೋಸ ಮಾಡುವ ಅಂಗಡಿಗೆ ಮತ್ತೆ ಕಾಲಿಡುವುದಿಲ್ಲ. ಆದರೆ ಸಾಫ್ಟ್‌ವೇರ್ ಎಂದ ಕೂಡಲೇ ನಮ್ಮ ಪ್ರಶ್ನೆಗಳು ನಿಂತುಹೋಗುತ್ತವೆ. ಎ.ಸಿ. ಕೋಣೆ, ಕಂಪ್ಯೂಟರ್, ಕೈತುಂಬ ಸಂಬಳ. ಅಲ್ಲಿ ತಕ್ಕಡಿ ಎಲ್ಲಿದೆ ಎಂದು ಭಾವಿಸುತ್ತೇವೆ. ಆದರೆ ಇಂದು ತಕ್ಕಡಿ ಇರುವುದೇ ಅಲ್ಲಿ. ಮೂಲೆಯಲ್ಲಿ ಅಡಗಿಸಿಟ್ಟ ಆ ಬೂದು ಅಕ್ಷರ ತಕ್ಕಡಿಯ ಕೆಳಗೆ ಅಂಟಿಸಿದ ಹುಣಸೆಹಣ್ಣೇ ಅಲ್ಲವೇ?

ಒಳ್ಳೆಯವರೇ ಮಾಡುತ್ತಾರೆ

ಇಂಥ ಕೆಲಸ ಮಾಡುವವರೆಲ್ಲ ಕೆಟ್ಟವರೆಂದು ತಿಳಿಯಬೇಡಿ. ನನ್ನ ಅಕ್ಕನ ಮಗಳು ದಾರಿಯಲ್ಲಿ ಬಿದ್ದ ಹತ್ತು ರೂಪಾಯಿಯನ್ನೂ ಎತ್ತಿ ಇಟ್ಟುಕೊಳ್ಳುವವಳಲ್ಲ. ಹಾಗಾದರೆ ಇದು ಹೇಗಾಯಿತು? ದೊಡ್ಡ ಕೆಲಸವನ್ನು ಅಲ್ಲಿ ನೂರು ತುಂಡು ಮಾಡಿ ಹಂಚುತ್ತಾರೆ. ಒಬ್ಬರಿಗೆ ಬಟನ್ನಿನ ಬಣ್ಣ, ಇನ್ನೊಬ್ಬರಿಗೆ ಅದರ ಹಿಂದಿನ ಲೆಕ್ಕ. ನಿರ್ಧರಿಸಿದವರು ಮೇಲಿದ್ದಾರೆ, ಹಣ ಕಳೆದುಕೊಳ್ಳುವವರು ಎಲ್ಲೋ ಇದ್ದಾರೆ. ನಡುವೆ ಕುಳಿತವರಿಗೆ ಕಾಣುವುದು ಶುಕ್ರವಾರದೊಳಗೆ ಮುಗಿಸಬೇಕಾದ ಒಂದು ಸಣ್ಣ ಕೆಲಸ ಮಾತ್ರ. “ಹೇಳಿದ್ದನ್ನು ಮಾಡಿದೆ” ಎಂಬ ಸಮಾಧಾನ ಬಹಳ ಸುಲಭವಾಗಿ ಸಿಗುತ್ತದೆ.

ಕೆನಡಾದ ಒಬ್ಬ ಪ್ರೋಗ್ರಾಮರ್ 2016ರಲ್ಲಿ ತನ್ನ ಅನುಭವವನ್ನು ಬರೆದು ಪ್ರಕಟಿಸಿದರು. ಆ ಅನುಭವವಾದಾಗ ಅವರಿಗೆ ಇಪ್ಪತ್ತೊಂದರ ಆಸುಪಾಸು ವಯಸ್ಸು. ಔಷಧ ಕಂಪನಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಸಂಸ್ಥೆಯಲ್ಲಿ ಕೆಲಸ. ಹದಿಹರೆಯದ ಹುಡುಗಿಯರಿಗಾಗಿ ಒಂದು ವೆಬ್‌ಸೈಟ್ ಮಾಡಬೇಕಿತ್ತು. ನೋಡಿದವರಿಗೆ ಅದು ಸಾಮಾನ್ಯ ಆರೋಗ್ಯ ಮಾಹಿತಿಯಂತೆ ಕಾಣಬೇಕು. ಅದರಲ್ಲಿ ಕೆಲವು ಪ್ರಶ್ನೆಗಳು, ಕೊನೆಯಲ್ಲಿ ನಿನಗೆ ಯಾವ ಔಷಧ ಒಳ್ಳೆಯದು ಎಂಬ ಸಲಹೆ. ಹುಡುಗಿ ಏನೇ ಉತ್ತರ ಕೊಡಲಿ, ಆ ಔಷಧ ಒಗ್ಗುವುದಿಲ್ಲ ಅಥವಾ ಈಗಾಗಲೇ ತೆಗೆದುಕೊಳ್ಳುತ್ತಿದ್ದೇನೆ ಎಂದರೆ ಮಾತ್ರ ಬೇರೆ ಉತ್ತರ. ಉಳಿದಂತೆ ಎಲ್ಲರಿಗೂ ಆ ಕಂಪನಿಯ ಔಷಧವೇ! ಪರೀಕ್ಷಿಸಿ ನೋಡಿದವರು, ಇದು ಕೆಟ್ಟಿದೆಯೇ, ಯಾವಾಗಲೂ ಒಂದೇ ಉತ್ತರ ಬರುತ್ತಿದೆಯಲ್ಲ ಎಂದು ಕೇಳಿದರಂತೆ. ಅವರು ಹೇಳಿದ್ದೇ ಹಾಗೆ ಎಂದಾಗ ಸರಿ ಎಂದು ಒಪ್ಪಿಕೊಂಡರಂತೆ.

ಕೆಲಸ ಮೆಚ್ಚುಗೆಯಾಯಿತು. ಸ್ವಲ್ಪ ಸಮಯದಲ್ಲೇ ಒಂದು ಸುದ್ದಿ ಕಣ್ಣಿಗೆ ಬಿತ್ತು. ಆ ಔಷಧ ಸೇವಿಸುತ್ತಿದ್ದ ಒಬ್ಬ ಹುಡುಗಿ ಆತ್ಮಹತ್ಯೆ ಮಾಡಿಕೊಂಡಿದ್ದಳು. ತೀವ್ರ ಖಿನ್ನತೆ ಆ ಔಷಧದ ಅಡ್ಡ ಪರಿಣಾಮಗಳಲ್ಲಿ ಒಂದಾಗಿತ್ತು. ತನ್ನ ಸ್ವಂತ ತಂಗಿಯೂ ಅದನ್ನೇ ತೆಗೆದುಕೊಳ್ಳುತ್ತಿದ್ದಾಳೆಂದು ಅವರಿಗೆ ನಂತರ ತಿಳಿಯಿತು. ಅದನ್ನು ಬಿಡಿಸಿದರು, ಕೆಲಸಕ್ಕೂ ರಾಜೀನಾಮೆ ಕೊಟ್ಟರು. ಆ ಸಾವಿನಲ್ಲಿ ತಮ್ಮ ವೆಬ್‌ಸೈಟಿನ ಪಾತ್ರ ಎಷ್ಟಿತ್ತೆಂದು ಹೇಳಲಾಗದು ಎಂದು ಅವರೇ ಒಪ್ಪುತ್ತಾರೆ. ಆದರೂ ವರ್ಷಗಳ ನಂತರವೂ ಆ ನಾಚಿಕೆ ಅವರನ್ನು ಬಿಟ್ಟಿರಲಿಲ್ಲ.

ಇಲ್ಲಿ ಗಮನಿಸಿ. ಇವರಿಗೂ ಅರಿವು ಮೂಡಿದ್ದು ತಂಗಿಯ ಮುಖ ಕಂಡಾಗ, ನಮ್ಮ ಹುಡುಗಿಗೂ ಅರಿವಾದದ್ದು ತಾಯಿಯ ಫೋನ್ ಕೈಗೆ ಬಂದಾಗ.

ಹೇಳಿದವರು ಯಾರು, ಜೈಲಿಗೆ ಹೋದವರು ಯಾರು

“ಹೇಳಿದ್ದನ್ನು ಮಾಡಿದೆ” ಎಂಬ ಮಾತು ಎಲ್ಲಿಯವರೆಗೆ ಕಾಪಾಡುತ್ತದೆ ಎಂಬುದಕ್ಕೆ ಫೋಕ್ಸ್‌ವ್ಯಾಗನ್ ಕಾರಿನ ಹಗರಣ ಒಂದು ಪಾಠ. ಡೀಸೆಲ್ ಕಾರಿನ ಹೊಗೆಯಲ್ಲಿ ಶ್ವಾಸಕೋಶಕ್ಕೆ ಕೆಡುಕು ಮಾಡುವ ನೈಟ್ರೋಜನ್ ಆಕ್ಸೈಡ್‌ಗಳಿರುತ್ತವೆ. ಅದಕ್ಕೆ ಸರಕಾರದ ಮಿತಿ ಇದೆ. ಆ ಕಂಪನಿಯ ಕಾರಿನೊಳಗಿನ ಸಾಫ್ಟ್‌ವೇರ್, ಸ್ಟೀರಿಂಗ್ ಎಷ್ಟು ತಿರುಗುತ್ತಿದೆ, ವೇಗ ಎಷ್ಟಿದೆ ಎಂಬುದನ್ನೆಲ್ಲ ನೋಡಿ ಈಗ ಪರೀಕ್ಷೆ ನಡೆಯುತ್ತಿದೆ ಎಂದು ಕಂಡುಹಿಡಿಯುತ್ತಿತ್ತು. ಪರೀಕ್ಷೆಯಲ್ಲಿ ಹೊಗೆ ಶುದ್ಧ. ರಸ್ತೆಗೆ ಇಳಿದರೆ ಅಮೆರಿಕದ ಮಿತಿಗಿಂತ 40 ಪಟ್ಟಿನವರೆಗೂ ವಿಷ. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಈ ಸಾಫ್ಟ್‌ವೇರ್ ಇತ್ತು. 2015ರ ಸೆಪ್ಟೆಂಬರಿನಲ್ಲಿ ಇದು ಬಯಲಾಯಿತು.

ಬಯಲಾಗಲು ಕಾರಣ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾನಿಲಯದ ಒಂದು ಸಣ್ಣ ತಂಡ. ಅಳತೆಯ ಉಪಕರಣಗಳನ್ನು ಕಾರಿನಲ್ಲೇ ಹೇರಿಕೊಂಡು ನಿಜವಾದ ರಸ್ತೆಗಳಲ್ಲಿ ಓಡಿಸಿ ನೋಡಿದವರು ಅವರು. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಅವರೂ ಇದ್ದರು.

ಪ್ರಕರಣ ಅಮೆರಿಕದ ಸಂಸತ್ತಿನ ಮುಂದೆ ಬಂದಾಗ ಕಂಪನಿಯ ಅಲ್ಲಿನ ಮುಖ್ಯಸ್ಥರು, ಇದು ಕಂಪನಿಯ ನಿರ್ಧಾರವಲ್ಲ, ಕೆಲವು ಸಾಫ್ಟ್‌ವೇರ್ ಇಂಜಿನಿಯರುಗಳು ಮಾಡಿದ್ದು ಎಂದು ಬಿಟ್ಟರು! ಈ ಹಗರಣದಲ್ಲಿ ಅಮೆರಿಕದಲ್ಲಿ ಮೊದಲು ಜೈಲು ಶಿಕ್ಷೆಯಾದದ್ದೂ ಒಬ್ಬ ಇಂಜಿನಿಯರ್‌ಗೆ. ಜೇಮ್ಸ್ ಲಿಯಾಂಗ್ ಎಂಬವರಿಗೆ 2017ರ ಆಗಸ್ಟ್‌ನಲ್ಲಿ 40 ತಿಂಗಳ ಸೆರೆ, ಎರಡು ಲಕ್ಷ ಡಾಲರ್ ದಂಡ. ಅವರು ದುರಾಸೆಯಿಂದಲ್ಲ, ಕಂಪನಿಯ ಮೇಲಿನ ಕುರುಡು ನಿಷ್ಠೆಯಿಂದ ಹೀಗೆ ಮಾಡಿದರು ಎಂದು ಅವರ ವಕೀಲರು ವಾದಿಸಿದ್ದರು. ನಿಷ್ಠೆ ಒಳ್ಳೆಯ ಗುಣ. ಆದರೆ ಯಾರ ಮೇಲೆ, ಯಾವುದಕ್ಕಾಗಿ ಎಂದು ಕೇಳಿಕೊಳ್ಳದ ನಿಷ್ಠೆ ಮನೆಯವರನ್ನೂ ಸೇರಿಸಿ ಹಾಳುಮಾಡುತ್ತದೆ.

ಬಾಯಿ ಮುಚ್ಚಿದ್ದರೂ ತಪ್ಪು

ಕೆಲವೊಮ್ಮೆ ಯಾರೂ ಕೆಟ್ಟದ್ದನ್ನು ಮಾಡಿ ಎಂದು ಹೇಳಿರುವುದಿಲ್ಲ. ತಪ್ಪು ತಾನಾಗಿ ಆಗಿರುತ್ತದೆ. ಅದನ್ನು ಮುಚ್ಚಿಟ್ಟಾಗ ಅನ್ಯಾಯ ಹುಟ್ಟುತ್ತದೆ. ಬ್ರಿಟನ್ನಿನ ಅಂಚೆ ಕಚೇರಿಗಳಲ್ಲಿ ನಡೆದದ್ದು ಇದೇ. 1999ರಿಂದ ಅಲ್ಲಿ ‘ಹೊರೈಝನ್’ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್ ತಂದರು. ಸಿದ್ಧಪಡಿಸಿದ್ದು ಫುಜಿತ್ಸು ಕಂಪನಿ. ಅದರಲ್ಲಿ ದೋಷಗಳಿದ್ದವು. ಹಣ ಕಡಿಮೆಯಾಗದಿದ್ದರೂ ಕಡಿಮೆಯಾಗಿದೆ ಎಂದು ತೋರಿಸುತ್ತಿತ್ತು. ಕಂಪ್ಯೂಟರ್ ಹೇಳಿದ ಮೇಲೆ ಮುಗಿಯಿತು, ಸಣ್ಣ ಸಣ್ಣ ಅಂಚೆ ಕಚೇರಿ ನಡೆಸುತ್ತಿದ್ದವರೇ ಕಳ್ಳರಾದರು. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು.

ಅವರಲ್ಲಿ ಸೀಮಾ ಮಿಶ್ರಾ ಎಂಬ ಭಾರತೀಯ ಮೂಲದ ಮಹಿಳೆ ಒಬ್ಬರು. ಸರ್ರೆ ಎಂಬಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದರು. ಲೆಕ್ಕದಲ್ಲಿ ಕೊರತೆ ಕಂಡಾಗಲೆಲ್ಲ ಬಂಧುಗಳಿಂದ ಸಾಲ ತಂದು ತುಂಬಿದರು. ಆದರೂ 74 ಸಾವಿರ ಪೌಂಡ್ ಕದ್ದ ಆರೋಪ ಬಂತು. 2010ರ ನವೆಂಬರಿನಲ್ಲಿ 15 ತಿಂಗಳ ಶಿಕ್ಷೆಯಾದಾಗ ಅವರು ಎಂಟು ವಾರಗಳ ಗರ್ಭಿಣಿ. ಅಂದು ಅವರ ಹಿರಿಯ ಮಗನ ಹತ್ತನೆಯ ಹುಟ್ಟುಹಬ್ಬ. ತೀರ್ಪು ಕೇಳಿ ಅಲ್ಲೇ ಕುಸಿದರು. ಮುಂದೆ ಎರಡನೆಯ ಮಗುವನ್ನು ಹೆರುವಾಗಲೂ ಕೈದಿಯ ಮೇಲೆ ಕಣ್ಣಿಡುವ ವಿದ್ಯುನ್ಮಾನ ಪಟ್ಟಿ ಅವರ ಕಾಲಿನಲ್ಲಿತ್ತು. ಅವರು ನಿರಪರಾಧಿ ಎಂದು ಮೇಲಿನ ನ್ಯಾಯಾಲಯ ಹೇಳಿದ್ದು 2021ರ ಏಪ್ರಿಲ್‌ನಲ್ಲಿ. ಉಳಿದ ನೂರಾರು ಜನರ ಶಿಕ್ಷೆ ರದ್ದಾಗಲು 2024ರಲ್ಲಿ ಸಂಸತ್ತು ಒಂದು ಕಾನೂನನ್ನೇ ಮಾಡಬೇಕಾಯಿತು. ಕನಿಷ್ಠ 13 ಮಂದಿ ಇದರಿಂದಾಗಿ ಪ್ರಾಣ ಕಳೆದುಕೊಂಡಿರಬಹುದೆಂದು ತನಿಖಾ ವರದಿ 2025ರಲ್ಲಿ ಹೇಳಿತು.

ದೂರದಲ್ಲಿ ಕುಳಿತ ಯಾರೂ ಅಂಚೆ ಕಚೇರಿಯ ಲೆಕ್ಕವನ್ನು ಮುಟ್ಟಲು ಸಾಧ್ಯವಿಲ್ಲ ಎಂದು ಇಲಾಖೆ ಹಟ ಹಿಡಿದಿತ್ತು. ಅದು ಸುಳ್ಳು, ನಾವು ಮುಟ್ಟುತ್ತಿದ್ದೆವು ಎಂದು 2015ರಲ್ಲಿ ಬಿ.ಬಿ.ಸಿ. ಕಾರ್ಯಕ್ರಮದಲ್ಲಿ ಹೇಳಿದವರು ಫುಜಿತ್ಸುವಿನ ಹಳೆಯ ಉದ್ಯೋಗಿ ರಿಚರ್ಡ್ ರೋಲ್. ನಂತರ ನ್ಯಾಯಾಲಯದಲ್ಲೂ ಸಾಕ್ಷಿ ಹೇಳಿದರು. ಆ ಕಂಪನಿಯಲ್ಲಿ ಎಷ್ಟೋ ಜನರಿಗೆ ಈ ದೋಷಗಳು ಗೊತ್ತಿದ್ದವು. ಬಾಯಿ ಬಿಟ್ಟವರು ಬೆರಳೆಣಿಕೆಯ ಮಂದಿ.

ನಮ್ಮ ಬೀದಿಯಲ್ಲೂ

ಇದೆಲ್ಲ ಪರದೇಶದ ಕಥೆ ಎನ್ನುವಂತಿಲ್ಲ. 2020ರ ಲಾಕ್‌ಡೌನಿನಲ್ಲಿ ಕೈ ಬರಿದಾದಾಗ ನಮ್ಮ ಎಷ್ಟೋ ಜನ ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳ ಬಲೆಗೆ ಬಿದ್ದರು. ಸಾಲ ಪಡೆದ ಕೂಡಲೇ ಫೋನಿನಲ್ಲಿದ್ದ ಎಲ್ಲರ ನಂಬರುಗಳು, ಫೋಟೋಗಳು ಅವರ ಕೈ ಸೇರುತ್ತಿದ್ದವು. ಕಂತು ಒಂದು ದಿನ ತಡವಾದರೆ ಬಂಧುಗಳಿಗೆ, ನೆರೆಯವರಿಗೆ ಫೋನ್. ಹೆಣ್ಣುಮಕ್ಕಳ ಫೋಟೋಗಳನ್ನು ಅಶ್ಲೀಲವಾಗಿ ತಿರುಚಿ ಕಳಿಸುವ ಬೆದರಿಕೆ. ಮಾನಕ್ಕೆ ಅಂಜಿ ಜೀವ ಕಳೆದುಕೊಂಡವರೂ ಇದ್ದಾರೆ. ಕೊನೆಗೆ 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್, ಸಾಲದ ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿ, ಫೋಟೋ, ಕರೆಗಳ ದಾಖಲೆಯನ್ನು ಮುಟ್ಟಬಾರದೆಂದು ನಿಯಮ ಮಾಡಿತು.

ಬೆದರಿಸಿದವರನ್ನು ನಾವು ಶಪಿಸಿದೆವು. ಆದರೆ ಸಂಪರ್ಕ ಪಟ್ಟಿಯನ್ನು ಕದ್ದು ಓದುವ ಆ ನಾಲ್ಕು ಸಾಲಿನ ಕೋಡನ್ನು ಯಾರೋ ಒಬ್ಬರು ಕುಳಿತು ಬರೆದಿದ್ದಾರೆ. ಅವರಿಗೂ ತಾಯಿ ಇದ್ದಾರೆ, ಸಂಜೆ ಮನೆಗೆ ಬಂದಾಗ ಊಟ ಬಡಿಸಿದ್ದಾರೆ.

ಯಾರೂ ಹೇಳದಿದ್ದರೂ ಕಾಯಬೇಕಾದ ಸಂಗತಿಗಳೂ ಇವೆ. ಆಸ್ಪತ್ರೆಯ ಸಾಫ್ಟ್‌ವೇರ್ ಮಾಡುವವರ ಕಣ್ಣಿಗೆ ರೋಗಿಗಳ ದಾಖಲೆಗಳು ಬೀಳುತ್ತವೆ. ಅದರಲ್ಲಿ ಪರಿಚಯದ ಹೆಸರೊಂದು ಕಂಡರೆ? ಅದು ಅಮಾನತ್. ಕಣ್ಣು ತಗ್ಗಿಸಿ ಮುಂದೆ ಹೋಗಬೇಕು, ಮನೆಯಲ್ಲೂ ಬಾಯಿ ಬಿಡಬಾರದು. ಪರೀಕ್ಷಿಸದೆ ಪರೀಕ್ಷಿಸಿದ್ದೇನೆ ಎನ್ನುವುದು, ತನ್ನ ಕೋಡಿನ ತಪ್ಪನ್ನು ಜೊತೆಯವರ ತಲೆಗೆ ಕಟ್ಟುವುದು, ಮುಗಿಯದ ಕೆಲಸ ಮುಗಿದಿದೆ ಎನ್ನುವುದು, ಇವೂ ಮೋಸವೇ. ಇನ್ನು ಎರಡು ವರ್ಷದ ನಕಲಿ ಅನುಭವ ಪತ್ರ ಮಾಡಿಸಿ ಕೆಲಸಕ್ಕೆ ಸೇರುವ ಚಾಳಿ. “ಎಲ್ಲರೂ ಮಾಡುತ್ತಾರೆ” ಎಂದು ಅದಕ್ಕೆ ಹಣ ಕೊಡುವ ತಂದೆ ತಾಯಿಯರೂ ನಮ್ಮಲ್ಲಿದ್ದಾರೆ. ಸುಳ್ಳಿನ ಮೇಲೆ ಸೇರಿದವನು ನಾಳೆ ಸುಳ್ಳು ಕೆಲಸ ಹೇಳಿದಾಗ ಯಾವ ಬಾಯಿಯಿಂದ ಬೇಡ ಎಂದಾನು?

ಬೇಡ ಎನ್ನುವುದು ಹೇಗೆ?

ನಮ್ಮ ದೇಶದಲ್ಲಿ ವೈದ್ಯರಾಗಲು, ವಕೀಲರಾಗಲು ಪರಿಷತ್ತಿನಲ್ಲಿ ನೋಂದಣಿ ಬೇಕು. ದೊಡ್ಡ ತಪ್ಪು ಮಾಡಿದರೆ ಅದು ರದ್ದಾಗುತ್ತದೆ. ಸಾಫ್ಟ್‌ವೇರ್ ಬರೆಯಲು ಅಂಥ ಪರವಾನಗಿ ಇಲ್ಲ. ಹಾಗೆಂದು ನೀತಿಸಂಹಿತೆಯೇ ಇಲ್ಲವೆಂದಲ್ಲ. ಕಂಪ್ಯೂಟರ್ ವೃತ್ತಿಯವರ ಎ.ಸಿ.ಎಂ. ಮತ್ತು ಐ.ಇ.ಇ.ಇ. ಕಂಪ್ಯೂಟರ್ ಸೊಸೈಟಿ ಎಂಬ ಅಂತಾರಾಷ್ಟ್ರೀಯ ಸಂಘಗಳು 1999ರಲ್ಲೇ ಒಂದು ಸಂಹಿತೆ ಮಾಡಿವೆ. ಅದರ ಎಂಟು ತತ್ವಗಳಲ್ಲಿ ಮೊದಲನೆಯದು ಸಾರ್ವಜನಿಕರ ಹಿತ. ಮಾಲಿಕನ ಮತ್ತು ಗ್ರಾಹಕ ಕಂಪನಿಯ ಹಿತ ಅದರ ನಂತರ. ಭಾರತ ಸರಕಾರದ ಗ್ರಾಹಕ ರಕ್ಷಣಾ ಪ್ರಾಧಿಕಾರವೂ 2023ರ ನವೆಂಬರಿನಲ್ಲಿ ಆ್ಯಪ್‌ಗಳು ಮಾಡುವ 13 ಬಗೆಯ ಕುತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಕೇಳದೆ ಬುಟ್ಟಿಗೆ ಸೇರಿಸುವ ವಸ್ತು, “ಇನ್ನು ಎರಡೇ ಉಳಿದಿದೆ” ಎಂಬ ಸುಳ್ಳು ಅವಸರ, ಬೇಡ ಎಂದವರನ್ನು ನಾಚಿಸುವ ಮಾತು, ಬಿಡಲಾಗದ ಚಂದಾದಾರಿಕೆ ಎಲ್ಲವೂ ಅದರಲ್ಲಿವೆ. ಅಕ್ಕನಿಗಾದ ಅನುಭವದಲ್ಲೇ ಎರಡು ಇದ್ದವು ನೋಡಿ! ನಿಮಗೂ ಹೀಗಾದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು.

ಮನೆಯಲ್ಲಿ ಈ ಕ್ಷೇತ್ರದ ಮಕ್ಕಳಿದ್ದರೆ ಅವರಿಗೆ ಹೇಳಬಹುದಾದ ಕೆಲವು ಮಾತುಗಳಿವೆ. ಮೊದಲನೆಯದು, ಜಗಳವಲ್ಲ, ಪ್ರಶ್ನೆ. “ಇದನ್ನು ಬಳಸುವವರಿಗೆ ಇದು ಗೊತ್ತಾಗುತ್ತದೆಯೇ? ಗೊತ್ತಾದರೆ ಒಪ್ಪುತ್ತಾರೆಯೇ?” ಎಂದು ಎಲ್ಲರೂ ಇರುವ ಮೀಟಿಂಗಿನಲ್ಲಿ ಮೆಲ್ಲಗೆ ಕೇಳಿದರೂ ಸಾಕು, ಅದನ್ನೇ ಮನಸ್ಸಿನಲ್ಲಿಟ್ಟುಕೊಂಡ ಇನ್ನಿಬ್ಬರು ಬಾಯಿ ಬಿಡುತ್ತಾರೆ. ಎರಡನೆಯದು, ಬೇಡ ಎನ್ನುವಾಗ ಜೊತೆಗೆ ಇನ್ನೊಂದು ದಾರಿಯನ್ನು ತೋರಿಸಬೇಕು. ಮೂರನೆಯದು, ಬಾಯಿಮಾತಲ್ಲ, ಬರವಣಿಗೆ. ನಿಯಮ ಇಂಥದ್ದು, ಇದರಿಂದ ಕಂಪನಿಗೆ ತೊಂದರೆಯಾದೀತು ಎಂದು ಮೇಲ್ ಹಾಕಬೇಕು. ಮೋಸವನ್ನು ಕಾಗದದ ಮೇಲೆ ಬರೆದುಕೊಡಲು ಹೆಚ್ಚಿನವರು ಹಿಂಜರಿಯುತ್ತಾರೆ, ಅಲ್ಲಿಗೇ ಎಷ್ಟೋ ಕೆಲಸ ನಿಲ್ಲುತ್ತದೆ. ನಾಲ್ಕನೆಯದು, ಒಂಟಿಯಾಗಬಾರದು. ಕೊನೆಯದು, ಜನರ ಜೀವಕ್ಕೆ, ಮಾನಕ್ಕೆ ಕುತ್ತು ಬರುವ ಕೆಲಸವಾದರೆ ಬಿಟ್ಟು ಬರುವ ಸಿದ್ಧತೆ ಇರಬೇಕು.

ಒಟ್ಟಾಗಿ ಹೇಳಿದರೆ ದೊಡ್ಡ ಕಂಪನಿಯೂ ಕೇಳುವುದುಂಟು. ಡ್ರೋನ್ ಚಿತ್ರಗಳನ್ನು ಗುರುತಿಸುವ ಅಮೆರಿಕದ ಸೇನೆಯ ಯೋಜನೆಯೊಂದರಲ್ಲಿ ಗೂಗಲ್ ಕೈಜೋಡಿಸಿದಾಗ ಸಾವಿರಾರು ಉದ್ಯೋಗಿಗಳು ಪತ್ರಕ್ಕೆ ಸಹಿ ಹಾಕಿದರು, ಸುಮಾರು ಹನ್ನೆರಡು ಮಂದಿ ಕೆಲಸ ಬಿಟ್ಟರು. 2018ರ ಜೂನ್‌ನಲ್ಲಿ ಕಂಪನಿ ಆ ಒಪ್ಪಂದವನ್ನು ಮುಂದುವರಿಸುವುದಿಲ್ಲ ಎಂದಿತು. ಆದರೆ ಗೆಲುವು ಶಾಶ್ವತವಲ್ಲ. ಅಸ್ತ್ರಗಳಿಗೆ ಕೃತಕ ಬುದ್ಧಿಮತ್ತೆ ಮಾಡಿಕೊಡುವುದಿಲ್ಲ ಎಂದು ಅಂದು ಕೊಟ್ಟ ಮಾತನ್ನು ಅದೇ ಕಂಪನಿ 2025ರ ಫೆಬ್ರವರಿಯಲ್ಲಿ ತನ್ನ ತತ್ವಗಳಿಂದ ತೆಗೆದುಹಾಕಿತು. 2025ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್‌ನ 50ನೇ ವರ್ಷದ ಸಮಾರಂಭದಲ್ಲಿ, ಇಸ್ರೇಲ್ ಸೇನೆಗೆ ಕಂಪನಿಯ ತಂತ್ರಜ್ಞಾನ ಹೋಗುತ್ತಿರುವುದನ್ನು ಎದ್ದುನಿಂತು ಪ್ರಶ್ನಿಸಿದ ಇಬ್ಬರೂ ಸಾಫ್ಟ್‌ವೇರ್ ಇಂಜಿನಿಯರ್ ಹೆಣ್ಣುಮಕ್ಕಳು. ಮೊರಾಕ್ಕೊ ಮೂಲದ ಇಬ್ತಿಹಾಲ್ ಅಬೂಸಅದ್ ಮತ್ತು ಭಾರತೀಯ ಮೂಲದ ವಾನಿಯಾ ಅಗ್ರವಾಲ್. ಕೆಲವೇ ದಿನಗಳಲ್ಲಿ ಇಬ್ಬರೂ ಕಂಪನಿಯಿಂದ ಹೊರಗಿದ್ದರು. ಅದೇ ಸೆಪ್ಟೆಂಬರಿನಲ್ಲಿ, ಪತ್ರಿಕೆಯೊಂದರ ತನಿಖಾ ವರದಿಯ ನಂತರ, ಇಸ್ರೇಲಿನ ರಕ್ಷಣಾ ಇಲಾಖೆಯ ಒಂದು ಘಟಕಕ್ಕೆ ಕೆಲವು ಸೇವೆಗಳನ್ನು ಕಂಪನಿ ನಿಲ್ಲಿಸಿತು. ಮಾತಿಗೆ ಬೆಲೆ ಇದೆ, ಆದರೆ ಆ ಬೆಲೆಯನ್ನು ಮೊದಲು ತೆರುವವರು ಮಾತನಾಡಿದವರೇ.

ಧೈರ್ಯ ಬರುವುದು ಮನೆಯಿಂದ

ಇಲ್ಲಿಗೆ ನಮ್ಮ ಪಾಲು ಬರುತ್ತದೆ. ಮಗ ಆಫೀಸಿನಲ್ಲಿ ಬೇಡ ಎನ್ನುವಾಗ ಅವನ ಕಣ್ಣ ಮುಂದೆ ಇರುವುದು ಮ್ಯಾನೇಜರ್ ಒಬ್ಬನೇ ಅಲ್ಲ. ಮನೆ ಸಾಲದ ಕಂತು, ಕಾರಿನ ಕಂತು, ತಂಗಿಯ ಮದುವೆಗೆ ನಾವು ಹಿಡಿಸಿದ ದೊಡ್ಡ ಹಾಲ್, ನೆಂಟರ ಮುಂದೆ ನಾವು ಹೇಳಿಕೊಂಡ ಅವನ ಸಂಬಳದ ಅಂಕಿ ಎಲ್ಲವೂ ಸಾಲಾಗಿ ನಿಂತಿರುತ್ತವೆ. ಅವನ ಸಂಬಳದ ಕೊನೆಯ ರೂಪಾಯಿಯವರೆಗೂ ಖರ್ಚನ್ನು ಏರಿಸಿಟ್ಟು, ಪ್ರಾಮಾಣಿಕನಾಗಿರು ಮಗನೇ ಎಂದು ಉಪದೇಶಿಸಿದರೆ ಅವನು ಏನು ಮಾಡಬೇಕು? ಕೈಕಾಲು ಕಟ್ಟಿ ಈಜು ಎಂದಂತೆ.

ಈ ಕಂಪನಿಗಳಲ್ಲಿ ಕೆಲಸ ಬಿಡಬೇಕಾದರೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಮೊದಲೇ ನೋಟಿಸು ಕೊಡಬೇಕು. ಹೊಸದು ಸಿಗಲು ಇನ್ನೂ ಕೆಲವು ತಿಂಗಳು. ಆದ್ದರಿಂದ ಆರು ತಿಂಗಳ ಮನೆಖರ್ಚನ್ನು ಬೇರೆಯಾಗಿ ತೆಗೆದಿಡುವುದನ್ನು ಮೊದಲ ಸಂಬಳದಿಂದಲೇ ರೂಢಿ ಮಾಡಿ. ಅದು ಕಷ್ಟಕಾಲದ ಹಣ ಮಾತ್ರವಲ್ಲ, ತಪ್ಪು ಕೆಲಸಕ್ಕೆ ಬೇಡ ಎನ್ನುವ ಹಣವೂ ಹೌದು. ಮನೆಯ ಲೆಕ್ಕದ ಪುಸ್ತಕ ನಮ್ಮ ಕೈಯಲ್ಲಿದೆ. ಅವರ ಧೈರ್ಯದ ಅರ್ಧ ಭಾಗ ಅದರಲ್ಲೇ ಬರೆದಿರುತ್ತದೆ.

ಮತ್ತೆ, ಕೇಳಿ. “ಇವತ್ತು ಏನು ಮಾಡಿದೆ? ಯಾರಿಗೆ ಉಪಯೋಗ?” ಎಂದು. ಅರ್ಥವಾಗದಿದ್ದರೂ ಕೇಳಿ. ತಾಯಿಗೆ ಅರ್ಥವಾಗುವಂತೆ ಹೇಳಲು ಹೊರಟಾಗ ಮಕ್ಕಳಿಗೇ ತಾವು ಮಾಡುತ್ತಿರುವುದು ಸ್ಪಷ್ಟವಾಗುತ್ತದೆ. ಹೇಳಲು ನಾಚಿಕೆಯಾದರೆ ಅದೇ ಉತ್ತರ.

ನನ್ನ ಅಕ್ಕನ ಮಗಳ ಕಥೆ ಸಿನಿಮಾದಂತೆ ಮುಗಿಯಲಿಲ್ಲ. ಬೆಂಗಳೂರಿಗೆ ಹೋದ ಮೇಲೆ ಅವಳು ಮ್ಯಾನೇಜರ್‌ಗೆ ಮೇಲ್ ಬರೆದಳು. 2023ರ ನಿಯಮವನ್ನೂ ಅದರಲ್ಲಿ ಸೇರಿಸಿದಳು. ಎರಡು ವಾರ ಉತ್ತರವಿಲ್ಲ. ನಿನಗೇಕೆ ಊರ ಉಸಾಬರಿ ಎಂದು ಜೊತೆಯವರು ಕೆಲವರು ನಕ್ಕರಂತೆ. ಕೊನೆಗೆ ಕ್ಲೈಂಟಿನ ವಕೀಲರು ನೋಡಿ ನಡುವಿನ ಪುಟಗಳನ್ನು ತೆಗೆಯಲು ಒಪ್ಪಿದರು. ಅಕ್ಷರ ದೊಡ್ಡದಾಯಿತು. ನಾಚಿಸುವ ಆ ಒಂದು ವಾಕ್ಯ ಮಾತ್ರ ಇನ್ನೂ ಹಾಗೇ ಇದೆ. ಈ ವರ್ಷ ಅವಳಿಗೆ ಬಡ್ತಿ ಸಿಗಲಿಲ್ಲ. ಇದಕ್ಕಾಗಿಯೇ ಎಂದು ಯಾರೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

ಫೋನಿನಲ್ಲಿ ಇದನ್ನು ಹೇಳುವಾಗ ಅವಳ ದನಿ ಸಣ್ಣದಾಗಿತ್ತು. ಅಕ್ಕ ಫೋನ್ ತೆಗೆದುಕೊಂಡಳು. ನಾನು ಅವಳನ್ನೇ ನೋಡುತ್ತಿದ್ದೆ. ಮನೆಯ ಮಹಡಿ ಕಟ್ಟಿಸುವ ಮಾತು ಆ ಬಡ್ತಿಯನ್ನೇ ನಂಬಿಕೊಂಡಿತ್ತೆಂದು ನನಗೆ ಗೊತ್ತಿತ್ತು.

“ಮಹಡಿ ಇನ್ನೊಂದು ವರ್ಷ ತಡವಾಗಲಿ ಬಿಡು ಮಗಳೇ,” ಎಂದಳು ಅಕ್ಕ. “ನೀನು ಊಟ ಮಾಡಿದೆಯಾ?”